ಅಗ್ಗದ ಪ್ಯಾಕೇಜ್, ದುಬಾರಿ ಲೆಕ್ಕ

ವಿದ್ಯುನ್ಮಾನ ಸಾಧನಗಳನ್ನು ತಯಾರಿಸುವ ಸಣ್ಣ ಘಟಕಗಳಲ್ಲಿ ಬಿಡಿಭಾಗಗಳ ಖರೀದಿಯು ಬಹುಮಟ್ಟಿಗೆ ದರಪಟ್ಟಿಯನ್ನೇ ಅವಲಂಬಿಸಿರುತ್ತದೆ. ಒಂದೇ ವೋಲ್ಟೇಜ್, ಒಂದೇ ಆಂಪಿಯರ್ ನಮೂದಿಸಿರುವ ಎರಡು ಮಾಸ್‌ಫೆಟ್‌ಗಳಲ್ಲಿ ನಾಲ್ಕು ರೂಪಾಯಿ ಅಗ್ಗವಾದುದನ್ನು ಆರಿಸುವುದೇ ಜಾಣತನವೆಂದು ಖರೀದಿ ವಿಭಾಗವೂ ಅದಕ್ಕೆ ಸಹಿ ಹಾಕುವ ಲೆಕ್ಕಪತ್ರ ವಿಭಾಗವೂ ಭಾವಿಸುತ್ತವೆ. ಒಳಗಿನ ಚಿಪ್ ಒಂದೇ ಆದರೂ ಪ್ಯಾಕೇಜ್ ಬೇರೆಯಾದರೆ ಅದರ ವರ್ತನೆಯೂ ಬೇರೆಯಾಗುತ್ತದೆಂಬ ಸಂಗತಿ ದರಪಟ್ಟಿಯಲ್ಲಿ ಕಾಣುವುದಿಲ್ಲ.

ಸಿಲಿಕಾನ್ ತುಣುಕನ್ನು ಹೊರಗಿನ ಪಿನ್‌ಗಳಿಗೆ ಜೋಡಿಸುವುದು ಸಣ್ಣ ಲೋಹದ ತಂತಿಗಳು. ಇವೇ ಬಾಂಡ್ ತಂತಿಗಳು. ಇವುಗಳ ಪ್ರತಿ ಮಿಲಿಮೀಟರ್ ಉದ್ದಕ್ಕೆ ಸುಮಾರು 1 ನ್ಯಾನೊಹೆನ್ರಿ ಇಂಡಕ್ಟೆನ್ಸ್ ಇರುತ್ತದೆ; ಅಂದರೆ ಪ್ರವಾಹದ ಏರಿಳಿತಕ್ಕೆ ತಂತಿಯು ಒಡ್ಡುವ ಪ್ರತಿರೋಧ. ಮೂರು ಪಿನ್‌ಗಳ ಪರಿಚಿತ ಟಿಒ-220 ಪ್ಯಾಕೇಜ್‌ನಲ್ಲಿ ಸೋರ್ಸ್ ತಂತಿ ಮತ್ತು ಪಿನ್ ಸೇರಿ ಸುಮಾರು 7 ನ್ಯಾನೊಹೆನ್ರಿ ಆಗುತ್ತದೆ. 10 ಆಂಪಿಯರ್ ಪ್ರವಾಹವನ್ನು 10 ನ್ಯಾನೊಸೆಕೆಂಡಿನಲ್ಲಿ ಬದಲಿಸಲು ಹೊರಟರೆ ಅಲ್ಲಿ 7 ವೋಲ್ಟ್ ಎದುರೊತ್ತಡ ಹುಟ್ಟುತ್ತದೆ. ಗೇಟಿಗೆ ಕೊಟ್ಟ 12 ವೋಲ್ಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಸಂದಾಯ! ಪರಿಣಾಮವಾಗಿ ಸ್ವಿಚಿಂಗ್ ನಿಧಾನವಾಗುತ್ತದೆ, ಚಿಪ್ ಬಿಸಿಯಾಗುತ್ತದೆ.

ಆಮೇಲೆ ದೊಡ್ಡ ಹೀಟ್‌ಸಿಂಕ್ ಬೇಕು, ಸ್ನಬ್ಬರ್‌ಗೆಂದು ರೆಸಿಸ್ಟರ್, ಕೆಪಾಸಿಟರ್ ಬೇಕು. ವಿದ್ಯುತ್ಕಾಂತೀಯ ಹಸ್ತಕ್ಷೇಪದ ಪರೀಕ್ಷೆಯಲ್ಲಿ ಅನುತ್ತೀರ್ಣವಾದರೆ ಮತ್ತೆ ಶುಲ್ಕ ತೆರಬೇಕು. ಕಚ್ಚಾ ಸಾಮಗ್ರಿಯ ಖಾತೆಯಲ್ಲಿ ಉಳಿದ ಹಣ ಪರೀಕ್ಷಾ ಶುಲ್ಕ ಹಾಗೂ ಖಾತರಿ ದುರಸ್ತಿಯ ಖಾತೆಗಳಲ್ಲಿ ಹೊರಹೋಗುತ್ತದೆ. ಇವೆಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡುವವರು ವಿರಳ.

ಪರ್ಯಾಯಗಳಿಲ್ಲದೆ ಇಲ್ಲ. ಕ್ಯೂಎಫ್ಎನ್‌ನಲ್ಲಿ ಹೊರಚಾಚಿದ ಪಿನ್‌ಗಳಿಲ್ಲ, ತಂತಿಯೂ ಗಿಡ್ಡ. ಕೆಲವು ಪ್ಯಾಕೇಜ್‌ಗಳಲ್ಲಿ ತಂತಿಯ ಬದಲು ಅಗಲವಾದ ತಾಮ್ರದ ಪಟ್ಟಿಯಿರುತ್ತದೆ. ಇಂಟರ್‌ನ್ಯಾಷನಲ್ ರೆಕ್ಟಿಫೈಯರ್ ಸಂಸ್ಥೆಯು 2002ರಲ್ಲಿ ತಂದ ಡೈರೆಕ್ಟ್‌ಫೆಟ್‌ನಲ್ಲಿ ಬಾಂಡ್ ತಂತಿಯೇ ಇಲ್ಲ. ಆ ಸಂಸ್ಥೆ 2015ರಲ್ಲಿ ಇನ್ಫಿನಿಯಾನ್‌ನ ವಶವಾಯಿತು. ಹೆಚ್ಚಿನ ವೋಲ್ಟೇಜ್‌ಗೆ ನಾಲ್ಕು ಪಿನ್‌ಗಳ ಟಿಒ-247 ಉಂಟು. ಅದರಲ್ಲಿ ತಂತಿ ಉಳಿದರೂ ಗೇಟ್‌ನ ಮರಳುದಾರಿಗೆ ಪ್ರತ್ಯೇಕ ಪಿನ್ ಇರುವುದರಿಂದ ಮುಖ್ಯ ಪ್ರವಾಹದ ಉಪಟಳ ಗೇಟಿಗೆ ಅಷ್ಟಾಗಿ ತಟ್ಟುವುದಿಲ್ಲ. ಹೀಟ್‌ಸಿಂಕ್ ಜೋಡಣೆಯ ಹಳೆಯ ಪದ್ಧತಿಯನ್ನು ಬಿಡಲಾಗದ ಘಟಕಗಳಿಗೆ ಇದೇ ಹೆಚ್ಚು ಅನುಕೂಲ.

ಹಾಗೆಂದು ಎಲ್ಲರೂ ಕ್ಯೂಎಫ್ಎನ್‌ಗೆ ಧಾವಿಸಬೇಕಿಲ್ಲ. ಅದರ ಬೆಸುಗೆ ಅಡಿಯಲ್ಲಿ ಅಡಗಿರುತ್ತದೆ. ರಿಫ್ಲೋ ಓವನ್ ಬೇಕು, ದೋಷ ಹುಡುಕಲು ಎಕ್ಸ್‌ರೇ ಬೇಕಾಗಬಹುದು. ಕೈಬೆಸುಗೆಯ ಘಟಕಕ್ಕೆ ಜಾಬ್‌ವರ್ಕ್ ವೆಚ್ಚವೂ ಸೇರುತ್ತದೆ. ರಿಲೇ ಚಾಲನೆಯಂತಹ ನಿಧಾನಗತಿಯ ಸರ್ಕ್ಯೂಟ್‌ಗಳಿಗೆ ಹಳೆಯ ಪ್ಯಾಕೇಜೇ ಸಾಕು, ಅಲ್ಲಿ ಹೆಚ್ಚು ತೆರುವುದು ದುಂದು.

2021ರ ಚಿಪ್ ಅಭಾವದ ಸಮಯದಲ್ಲಿ ಸಿಕ್ಕಿದ್ದನ್ನು ಕೊಳ್ಳುವುದು ಅನಿವಾರ್ಯವಾಗಿತ್ತು. ಆ ಅನಿವಾರ್ಯತೆಯನ್ನು ರೂಢಿಯಾಗಿಸಿಕೊಳ್ಳಲು ಕಾರಣವಿಲ್ಲ. ಬಿಡಿಭಾಗದ ಸಂಖ್ಯೆಯ ಕೊನೆಯ ಅಕ್ಷರಗಳು ಹಲವು ವೇಳೆ ಪ್ಯಾಕೇಜನ್ನೇ ಸೂಚಿಸುವುದರಿಂದ ಖರೀದಿ ಆದೇಶದಲ್ಲಿ ಸಂಖ್ಯೆಯನ್ನು ಪೂರ್ಣವಾಗಿ ನಮೂದಿಸತಕ್ಕದ್ದು. ‘ಅಥವಾ ತತ್ಸಮಾನ’ ಎಂಬ ಪದಗಳನ್ನು ವಿನ್ಯಾಸ ಎಂಜಿನಿಯರರ ಲಿಖಿತ ಒಪ್ಪಿಗೆಯಿಲ್ಲದೆ ಸೇರಿಸಲು ಲೆಕ್ಕಪತ್ರ ವಿಭಾಗವು ಅವಕಾಶ ಕೊಡಬಾರದು.