ರ ಒಳಗೆ ಒಂದು ಚುಕ್ಕಿ ಹೊತ್ತಿದ್ರೆ ಠ

ಈ ಸಲದ ಫೆಸ್ಟ್ ಪೋಸ್ಟರ್‌ಗಳನ್ನ ನೋಡಿದ್ರಾ? ಅರ್ಧಕ್ಕರ್ಧ ಪೋಸ್ಟರ್‌ಗಳಲ್ಲಿ ಇಂಗ್ಲಿಷ್ ಹೆಸರು ಚುಕ್ಕಿ ಚುಕ್ಕಿಯ ಡಾಟ್ ಮ್ಯಾಟ್ರಿಕ್ಸ್ ಫಾಂಟ್‌ನಲ್ಲಿದೆ. ನಥಿಂಗ್ ಫೋನ್ ಬಂದ ಮೇಲೆ ಈ ಹುಚ್ಚು ಜಾಸ್ತಿ ಆಯ್ತು ಅನ್ನೋದು ನಮ್ಮ ಅನುಮಾನ. ಹಳೇ ಪ್ರಿಂಟರ್ ಬಿಲ್‌ನ ಅಕ್ಷರ ಈಗ ಸ್ಟೈಲು! ಇರಲಿ, ನಮಗೂ ಇಷ್ಟ. ಆದ್ರೆ ಅದೇ ಪೋಸ್ಟರ್‌ನಲ್ಲಿ ಕನ್ನಡಕ್ಕೆ ಮಾತ್ರ ಯಾವುದೋ ಸಾದಾ ಫಾಂಟ್. ಇಲ್ಲವೇ ಸಾದಾ ಫಾಂಟ್ ಮೇಲೆ ಜರಡಿ ಇಟ್ಟ ಹಾಗೆ ತೂತು ಹೊಡೆದಿರ್ತಾರೆ, ಅಂಚಿನ ಚುಕ್ಕಿಗಳೆಲ್ಲ ಅರ್ಧರ್ಧ.

ಕೇಳಿದ್ರೆ 'ಕನ್ನಡ ಗುಂಡಗಿದೆ, ಚುಕ್ಕಿಗೆ ಹೊಂದಲ್ಲ' ಅನ್ನೋ ಉತ್ತರ ರೆಡಿ. ನಾವು ಇದನ್ನ ಒಪ್ಪಲ್ಲ. ತೊಂದರೆ ಇರೋದು ನಾವು ಕೊಡೋ ಚೌಕಟ್ಟಿನಲ್ಲಿ. ಇಂಗ್ಲಿಷ್ ಕ್ಯಾಪಿಟಲ್ ಅಕ್ಷರಕ್ಕೆ 5 ಕಾಲಂ, 7 ಸಾಲು ಸಾಕು. ಲ್ಯಾಬ್‌ನ 16×2 ಎಲ್‌ಸಿಡಿ ನೆನಪಿಸಿಕೊಳ್ಳಿ. ಒಂದೊಂದು ಮನೆಯೂ 5 ಅಗಲ, 8 ಎತ್ತರ. ನಮ್ಮದೇ ಅಕ್ಷರ ಬಿಡಿಸಿ ತುಂಬಬಹುದು, ಆದ್ರೆ ಒಂದು ಸಲಕ್ಕೆ 8 ಮಾತ್ರ. ನಾವು ನಾಲ್ಕು ಜನ ಅದರಲ್ಲಿ 'ಕನ್ನಡ' ಬರೆಯಕ್ಕೆ ಕೂತ್ವಿ. ಕ ಹೇಗೋ ಮುದುರಿಕೊಂಡು ಕೂತಿತು. ನ್ನ ಬಂದಾಗ ಒತ್ತಿಗೆ ಜಾಗವೇ ಇಲ್ಲ. ಕೆಳಗಿನ ಸಾಲಿಗೆ ಇಳಿಸಿದ್ರೆ, ನಡುವಿನ ಗ್ಯಾಪ್‌ನಿಂದಾಗಿ ಒತ್ತು ಬೇರೆ ಯಾರದೋ ಮನೆಯದು ಅನ್ನೋ ಹಾಗೆ ಕಾಣ್ತಿತ್ತು.

ಕನ್ನಡದಲ್ಲಿ ಒಂದು ಚುಕ್ಕಿಯ ಬೆಲೆಯೂ ದೊಡ್ಡದು. ರ ಹೊಟ್ಟೆಯಲ್ಲಿ ಚುಕ್ಕಿ ಹೊತ್ತಿದ್ರೆ ಠ. ದ ಕೆಳಗೆ ಪುಟ್ಟ ಗೆರೆ ಬಂದ್ರೆ ಧ, ಒಳಗೆ ಚುಕ್ಕಿಯೂ ಸೇರಿದ್ರೆ ಥ. ತಲೆಕಟ್ಟು, ಹೊಟ್ಟೆ, ಗೆರೆ, ಒತ್ತು ಎಲ್ಲವನ್ನೂ 7 ಸಾಲಿಗೆ ತುರುಕಿದ್ರೆ ಯಾವ ಲಿಪಿ ತಾನೇ ಬದುಕುತ್ತೆ?

ರಂಗೋಲಿ ಹಾಕೋರು ಮೊದಲು ಚಿತ್ರ ಯೋಚಿಸಿ, ಆಮೇಲೆ ಎಷ್ಟು ಚುಕ್ಕಿ ಅಂತ ತೀರ್ಮಾನಿಸ್ತಾರೆ. ನಾವು ಉಲ್ಟಾ ಮಾಡ್ತಿದ್ದೀವಿ. ಜಪಾನಿ ಭಾಷೆಗೆ ಡಾಟ್‌ಗಾಥಿಕ್16 ಅನ್ನೋ ಫಾಂಟ್ ಇದೆ, ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತೆ. 16×16 ಚೌಕದಲ್ಲಿ ಕಾಂಜಿಯನ್ನೇ ಕೂರಿಸಿದ್ದಾರೆ. ಕಾಂಜಿ ಕೂರೋ ಜಾಗದಲ್ಲಿ 'ಸ್ತ್ರೀ' ಕೂರಲ್ವಾ?

ಹಾಗಂತ ಇಡೀ ಪತ್ರಿಕೆಯನ್ನ ಚುಕ್ಕಿಯಲ್ಲಿ ಅಚ್ಚು ಹಾಕಿ ಅಂತಿಲ್ಲ, ಎರಡು ಪ್ಯಾರಾಕ್ಕೇ ಕಣ್ಣು ಉರಿಯುತ್ತೆ. ಪೋಸ್ಟರ್ ತಲೆಬರಹ, ಟೀ ಶರ್ಟ್, ಪ್ರಾಜೆಕ್ಟ್‌ನ ಎಲ್‌ಇಡಿ ಬೋರ್ಡ್‌ಗೆ ಒಂದೆರಡು ಪದ, ಅಷ್ಟು ಸಾಕು.

ಆದ್ದರಿಂದ ಸಂಘದ ಮುಂದೆ ನಮ್ಮ ಬೇಡಿಕೆ: ಈ ಸೆಮಿಸ್ಟರ್‌ನಲ್ಲಿ ನಮ್ಮದೇ ಒಂದು ಚುಕ್ಕಿ ಫಾಂಟ್ ಮಾಡೋಣ. 16 ಸಾಲು ಇಟ್ಟು, ಕೆಳಗಿನ 5 ಸಾಲನ್ನ ಒತ್ತಿಗೇ ಬಿಡೋಣ. ಫಾಂಟ್‌ಫೋರ್ಜ್ ಉಚಿತ. ಬರೀ ಅಕ್ಷರ ಬಿಡಿಸಿದ್ರೆ ಮುಗಿಯಲ್ಲ, ಯಾವ ಒತ್ತು ಎಲ್ಲಿ ಕೂರಬೇಕು ಅನ್ನೋ ರೂಲ್ಸ್ ಕೂಡ ಬರೀಬೇಕು. ಅದನ್ನ ಸಿಎಸ್‌ನವರು ನೋಡ್ಕೊಳ್ಳಲಿ. ಕೈಬರಹ ಚೆನ್ನಾಗಿರೋರು ಗ್ರಾಫ್ ಶೀಟ್ ತಗೊಂಡು ಬನ್ನಿ. ಮೊದಲೇ ಕ್ಷ ಬೇಡ, ರ ಇಂದ ಶುರು ಮಾಡೋಣ. ಠ ಫ್ರೀ ಸಿಗುತ್ತೆ.