ಅಚ್ಚಿನ ಆಯುಷ್ಯ

ಹಿಂದೆ ಬೇಗೂರಿನ ದಾರಿಯಲ್ಲಿ ಎತ್ತಿನ ಗಾಡಿಗಳು ಓಡಾಡುತ್ತಿದ್ದಾಗ, ಕೀಲೆಣ್ಣೆ ತೀರಿದರೆ ಅಚ್ಚು ಕಿರುಗುಟ್ಟಿ ಯಜಮಾನನನ್ನು ಎಚ್ಚರಿಸುತ್ತಿತ್ತು. ಇಂದು ಅದೇ ದಾರಿಯಲ್ಲಿ ಸದ್ದಿಲ್ಲದೆ ಸಾಗುವ ವಿದ್ಯುತ್ ಎಸ್‌ಯುವಿಗೂ ಅಚ್ಚಿನ ಚಿಂತೆ ತಪ್ಪಿದ್ದಲ್ಲ.

ವಿದ್ಯುತ್ ಮೋಟಾರು ನಿಂತಲ್ಲಿಂದಲೇ ತನ್ನ ಪೂರ್ಣ ತಿರುಚುಬಲವನ್ನು ಅಚ್ಚಿಗೆ ಒಪ್ಪಿಸುತ್ತದೆ; ವೇಗ ತಗ್ಗಿಸುವಾಗ ಎದುರು ದಿಕ್ಕಿಗೆ ತಿರುಚುತ್ತದೆ. ಬ್ಯಾಟರಿಯ ಭಾರವಂತೂ ಇದ್ದೇ ಇದೆ. ಇವೆಲ್ಲವನ್ನೂ ತಾಳಬೇಕಾದುವು ಅಚ್ಚಿನ ಎರಡು ತುದಿಯ ಕೀಲುಗಳು. ಕೀಲು ಬಾಗಿದಷ್ಟೂ ಸವೆತ ಹೆಚ್ಚು. ಆದುದರಿಂದ ಓದುಗರೇ, ರಸ್ತೆಯುಬ್ಬು ದಾಟುವಾಗಲೂ ಚಕ್ರವನ್ನು ಪೂರ್ತಿ ತಿರುಗಿಸಿದಾಗಲೂ ಪೆಡಲನ್ನು ಬಲವಾಗಿ ಅದುಮಬೇಡಿರಿ. ವಾಹನವನ್ನು ಎತ್ತರಿಸುವ ಸೌಕರ್ಯವಿದ್ದರೆ, ಹಳ್ಳ ದಾಟಿದೊಡನೆ ತಗ್ಗಿಸಿರಿ.

ಕೀಲುಗಳಿಗೆ ರಬ್ಬರಿನ ಕವಚವುಂಟು. ಅದು ಹರಿದರೆ ಗ್ರೀಸು ಹೊರಚೆಲ್ಲಿ, ಧೂಳೂ ಮಳೆಯ ನೀರೂ ಒಳಸೇರುತ್ತವೆ. ಪ್ರತಿ ಸರ್ವೀಸಿನಲ್ಲಿಯೂ ಅದನ್ನು ಪರೀಕ್ಷಿಸಲು ಹೇಳಿರಿ. ಕವಚವನ್ನು ಸಕಾಲದಲ್ಲಿ ಬದಲಿಸಿದರೆ ಅಲ್ಪ ಖರ್ಚು. ತಡವಾದರೆ ಅಚ್ಚನ್ನೇ ಬದಲಿಸಬೇಕಾದೀತು.

ತಿರುವಿನಲ್ಲಿ ‘ಟಕ್ ಟಕ್’ ಸದ್ದು ಕೇಳಿದರೆ ಚಕ್ರದ ಕಡೆಯ ಕೀಲು, ವೇಗವೇರಿಸುವಾಗ ನಡುಕ ಬಂದರೆ ಮೋಟಾರಿನ ಕಡೆಯ ಕೀಲು ಸವೆದಿರಬಹುದು. ಮನೆಮಂದಿಯನ್ನು ಕೂರಿಸಿಕೊಂಡು ದೂರ ಹೊರಡುವ ಮುನ್ನವೇ ಮೆಕ್ಯಾನಿಕ್ಕಿಗೆ ತೋರಿಸುವುದು ಜಾಣತನ.