ಸುದ್ದಿಯ ಮಂಡಿಯಲ್ಲಿ ತಕ್ಕಡಿ ಯಾರ ಕೈಯಲ್ಲಿದೆ?

ಪತ್ರಿಕೆಯನ್ನು ಯಾರು ಬರೆಯುತ್ತಾರೆ ಎಂದು ಕೇಳಿದರೆ ಸಾಲದು. ಬರೆದದ್ದನ್ನು ಯಾರು ಆರಿಸಿ ಓದುಗನ ಕೈಗೆ ಕೊಡುತ್ತಾರೆ ಎಂದೂ ಕೇಳಬೇಕಾದ ಕಾಲ ಬಂದಿದೆ. ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಕೆಲಸಗಾರನಾಗಲಿ, ಗುಂಡ್ಲುಪೇಟೆಯ ಪೇಟೆಬೀದಿಯಲ್ಲಿ ಬೋಣಿಗೆಗೆ ಕಾದು ಕುಳಿತ ಅಂಗಡಿಕಾರನಾಗಲಿ, ಇಂದು ಸುದ್ದಿ ನೋಡುವುದು ಹೆಚ್ಚಾಗಿ ಫೋನಿನಲ್ಲಿ. ಅಲ್ಲಿ ಯಾವುದು ಮೊದಲು ಕಾಣಬೇಕು, ಯಾವುದು ಕೆಳಗೆ ಬೀಳಬೇಕು ಎಂಬ ತೀರ್ಮಾನ ಊರಿನ ಸಂಪಾದಕನ ಮೇಜಿನ ಮೇಲೆ ಆಗುವುದಿಲ್ಲ. ದೂರದಲ್ಲೆಲ್ಲೋ ಇರುವ ಬಾಡಿಗೆಯ ಯಂತ್ರ ಅದನ್ನು ಮಾಡುತ್ತದೆ. ಆ ಯಂತ್ರದ ಯಜಮಾನರು ಯಾರು, ಅದರಿಂದ ಅವರಿಗೆ ಲಾಭವೇನು, ನಮಗೆ ನಷ್ಟವೇನು ಎಂಬುದನ್ನು ದುಡಿದು ತಿನ್ನುವ ಜನ ತಿಳಿದಿರಬೇಕು.

ಈ ಯಂತ್ರವ್ಯವಸ್ಥೆಗೆ ‘ಕ್ಲೌಡ್’, ಅಂದರೆ ಮೋಡ, ಎಂದು ಹೆಸರಿಟ್ಟಿದ್ದಾರೆ. ಮೋಡವೆಂದರೆ ಯಾರ ಸ್ವತ್ತೂ ಅಲ್ಲ, ಎಲ್ಲರ ಹೊಲದ ಮೇಲೂ ಮಳೆ ಸುರಿಸುವಂಥದು ಎಂದು ಜನ ನಂಬಲೆಂದೇ ಈ ಹೆಸರು ಇಟ್ಟಂತಿದೆ. ನಿಜಸ್ಥಿತಿ ಬೇರೆ. ಅದು ನೆಲದ ಮೇಲೆ ಗೋಡೆ ಕಟ್ಟಿ, ಬೇಲಿ ಹಾಕಿ, ವಿದ್ಯುತ್ತು ಮತ್ತು ನೀರು ಕುಡಿಯುವ ಕಂಪ್ಯೂಟರುಗಳನ್ನು ತುಂಬಿದ ಕಾರ್ಖಾನೆ. ಅಮೆಜಾನ್ ಸಂಸ್ಥೆ ಮುಂಬಯಿಯಲ್ಲಿ 2016ರಲ್ಲಿ, ಹೈದರಾಬಾದಿನಲ್ಲಿ 2022ರಲ್ಲಿ ಇಂತಹ ಕೇಂದ್ರಗಳನ್ನು ತೆರೆಯಿತು. ಗೂಗಲ್ 2017ರಲ್ಲಿ ಮುಂಬಯಿಗೆ ಬಂತು. ದೇಶದ ಸುದ್ದಿ ಸಂಸ್ಥೆಗಳು, ಜಾಹೀರಾತು ಕಂಪನಿಗಳು ಇವರಿಂದ ಯಂತ್ರವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುತ್ತವೆ. ಮಗ್ಗ ಸಾಹುಕಾರನದು, ನೇಯ್ಗೆ ಬಾಡಿಗೆದಾರನದು ಎಂಬ ಹಳೆಯ ವ್ಯವಸ್ಥೆಯೇ ಹೊಸ ವೇಷದಲ್ಲಿ ಬಂದಿದೆ.

ಕೆಲಸ ನಡೆಯುವ ರೀತಿ ಹೀಗೆ. ಪ್ರಕಾಶಕ ತನ್ನ ಲೇಖನವನ್ನು ಯಂತ್ರಕ್ಕೆ ಹಾಕುತ್ತಾನೆ. ಯಂತ್ರ ಅದನ್ನು ಓದಿ ರಾಜಕೀಯ, ಸಿನಿಮಾ, ಅಪಘಾತ, ಹುಲಿ ಎಂದು ಚೀಟಿ ಅಂಟಿಸುತ್ತದೆ. ಇನ್ನೊಂದು ಕಡೆ ಓದುಗನ ಹೆಸರಿನಲ್ಲಿ ಖಾತೆ ತೆರೆದು, ಅವನು ಯಾವುದನ್ನು ಒತ್ತಿದ, ಎಷ್ಟು ಸೆಕೆಂಡು ನಿಂತ, ಎಲ್ಲಿ ಬಿಟ್ಟುಹೋದ, ಯಾರಿಗೆ ಕಳುಹಿಸಿದ ಎಂಬುದನ್ನೆಲ್ಲ ಬರೆದಿಡುತ್ತದೆ. ಒಂದೇ ಸುದ್ದಿಗೆ ಎರಡು ತಲೆಬರಹ ಕೊಟ್ಟು, ಯಾವುದಕ್ಕೆ ಹೆಚ್ಚು ಜನ ಬೀಳುತ್ತಾರೋ ಅದನ್ನೇ ಉಳಿಸುತ್ತದೆ. ಸರಕು ಮಾರುವವರ ಗುಮಾಸ್ತರು ಇತರರ ಲೇಖನ, ಚಿತ್ರ, ವಿಡಿಯೋಗಳನ್ನು ಆಯ್ದು ಜೋಡಿಸಿ, ನಡುವೆ ತಮ್ಮ ಸರಕನ್ನಿಟ್ಟು, ಯಾರಿಗೆ ಯಾವ ಹೊತ್ತಿನಲ್ಲಿ ತೋರಿಸಬೇಕೆಂದು ವೇಳಾಪಟ್ಟಿ ಹಾಕುತ್ತಾರೆ. ಪುಟ ತೆರೆಯುವ ಕ್ಷಣಮಾತ್ರದಲ್ಲಿ ಆ ಓದುಗನ ಕಣ್ಣು ಹರಾಜಾಗಿ, ಹೆಚ್ಚು ಕೂಗಿದವನ ಜಾಹೀರಾತು ಅಲ್ಲಿ ಕುಳಿತಿರುತ್ತದೆ. ಕಿರಾಣಿ ಅಂಗಡಿಯ ಉದ್ದರಿ ಪುಸ್ತಕವನ್ನು ಗಿರಾಕಿ ಕೇಳಿ ನೋಡಬಹುದು. ಈ ಖಾತೆಯನ್ನು ಯಂತ್ರ ಹೇಗೆ ಬಳಸಿತೆಂದು ಗಿರಾಕಿಗೆ ಬಿಡಿಸಿ ಹೇಳುವವರಿಲ್ಲ.

ಇದರ ಫಲವನ್ನು ನಮ್ಮ ಜಿಲ್ಲೆಯಲ್ಲೇ ಕಾಣಬಹುದು. 2025ರ ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ, ಹುಲಿ ಹಿಡಿಯಲೆಂದು ಇಟ್ಟ ಬೋನಿನಲ್ಲಿ ರೈತರು ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಆ ವಿಡಿಯೋ ದೇಶದ ಮೂಲೆಮೂಲೆಗೆ ಹರಿದು ನಗೆಯ ಸರಕಾಯಿತು. ಆದರೆ ಕಾಡಂಚಿನ ರೈತ ಹಸುವನ್ನು ಕಳೆದುಕೊಂಡು ಕಛೇರಿಗೆ ಅಲೆದದ್ದು, ಆನೆ ತುಳಿದ ಬಾಳೆತೋಟಕ್ಕೆ ಪರಿಹಾರ ಕೇಳಿ ಅರ್ಜಿ ಕೊಟ್ಟದ್ದು ಹಾಗೆ ಹರಿಯಲಿಲ್ಲ. ಬೋನಿನ ವಿಡಿಯೋಗೆ ಕಣ್ಣು ಬೀಳುತ್ತದೆ, ಕಣ್ಣು ಬಿದ್ದಲ್ಲಿ ಜಾಹೀರಾತು ಮಾರಾಟವಾಗುತ್ತದೆ. ಅರ್ಜಿಯ ಸುದ್ದಿಗೆ ಅಂತಹ ಬೆಲೆಯಿಲ್ಲ. ರೈತರು ಹಾಗೆ ಮಾಡಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಬೋನಿಗೆ ಬೀಗ ಹಾಕುವವರೆಗೆ ಅವರ ಕೂಗು ಕೇಳಿಸದಂತೆ ಮಾಡಿದ ವ್ಯವಸ್ಥೆಯನ್ನು ನಾವು ಪ್ರಶ್ನಿಸುತ್ತೇವೆ.

ಇನ್ನೊಂದು ಸಂಗತಿ ನಗೆಯದಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ಸತ್ತರು. ಕೆಲವು ದಿನ ಆ ಸುದ್ದಿ ಎಲ್ಲ ಫೋನುಗಳಲ್ಲೂ ಮೇಲೇ ಇತ್ತು. ಆಮೇಲೆ ವಿಧವೆಯರು, ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಪರಿಹಾರಕ್ಕಾಗಿ, ಉದ್ಯೋಗಕ್ಕಾಗಿ ವರ್ಷಗಟ್ಟಲೆ ಅಲೆದರು. ಯಂತ್ರದ ಲೆಕ್ಕದಲ್ಲಿ ಅದು ಹಳೆಯ ಸರಕು. ನ್ಯಾಯವೆಂಬುದು ನಿಧಾನವಾಗಿ ನಡೆಯುವ ಕೆಲಸ. ನಿಧಾನವಾಗಿ ನಡೆಯುವ ಯಾವುದನ್ನೂ ಈ ಯಂತ್ರ ಸಹಿಸುವುದಿಲ್ಲ. ಅಂತಹ ಸುದ್ದಿಯನ್ನು ಬಿಡದೆ ಹಿಂಬಾಲಿಸುವವನು ಜಿಲ್ಲೆಯ ವರದಿಗಾರ. ಅವನಿಗೆ ಸಂಬಳ ಕೊಡುವುದು ಜಿಲ್ಲೆಯ ಪತ್ರಿಕೆ. 1972ರಲ್ಲಿ ರಾಜಶೇಖರ ಕೋಟಿಯವರು ಆರಂಭಿಸಿದ ‘ಆಂದೋಲನ’ದಂತಹ ಪತ್ರಿಕೆಗಳು ಮೈಸೂರು ಸೀಮೆಯ ತಾಲ್ಲೂಕು ತಾಲ್ಲೂಕಿನ ಸುದ್ದಿಯನ್ನು ಹೀಗೆಯೇ ಬೆಳಕಿಗೆ ತಂದವು. ಜಾಹೀರಾತಿನ ಹಣ ಯಂತ್ರದ ಯಜಮಾನರ ಕಡೆಗೆ ಹರಿದರೆ ವರದಿಗಾರನ ಸಂಬಳ ಎಲ್ಲಿಂದ ಬರಬೇಕು?

ನಡುವೆ ನಮ್ಮವರೇ ಆದ ದಲ್ಲಾಳಿಗಳೂ ಇದ್ದಾರೆ. ಬೆಂಗಳೂರಿನಲ್ಲಿ ನೆಲೆಯೂರಿರುವ ಡೈಲಿಹಂಟ್ ನೂರಾರು ಪತ್ರಿಕೆಗಳ ಸುದ್ದಿಯನ್ನು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಒಂದೆಡೆ ಕೂಡಿಸಿ ಹಂಚುತ್ತದೆ. 2015ರಲ್ಲಿ ಆರಂಭವಾದ ಶೇರ್‌ಚಾಟ್ ಜನರೇ ಹಾಕುವ ಚಿತ್ರ, ಮಾತುಗಳನ್ನು ಭಾಷೆವಾರು ಹಂಚುತ್ತದೆ. ಕನ್ನಡಿಗನಿಗೆ ಕನ್ನಡದಲ್ಲಿ ಓದಲು ಸಿಕ್ಕಿತೆಂಬುದು ಒಳ್ಳೆಯದೇ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೆಳೆದವನಿಗೆಷ್ಟು, ಸಾಗಿಸಿದವನಿಗೆಷ್ಟು ಎಂಬ ಪ್ರಶ್ನೆ ದಲ್ಲಾಳಿ ಕನ್ನಡ ಮಾತಾಡಿದ ಮಾತ್ರಕ್ಕೆ ತೀರುವುದಿಲ್ಲ.

ಚಿಲ್ಲರೆ ವ್ಯಾಪಾರಿಗಳು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ತಿಳಿಯಬಾರದು. ಗುಂಡ್ಲುಪೇಟೆ ಊಟಿಯ ದಾರಿಯೂ ವಯನಾಡಿನ ದಾರಿಯೂ ಕವಲೊಡೆಯುವ ಊರು. ಪ್ರವಾಸಿ ಯಾವ ಹೋಟೆಲಿನ ಮುಂದೆ ಕಾರು ನಿಲ್ಲಿಸಬೇಕೆಂಬುದನ್ನು ಈಗ ಫಲಕ ಹೇಳುವುದಿಲ್ಲ, ಫೋನು ಹೇಳುತ್ತದೆ. ಮೇಲೆ ಕಾಣಬೇಕಾದರೆ ಹಣ ಕಟ್ಟಬೇಕು. ಪಕ್ಕದವನು ಹೆಚ್ಚು ಕಟ್ಟಿದರೆ ಇವನು ಕೆಳಗೆ. ಹಿಂದೆ ಅಂಗಡಿಕಾರ ದಸರೆಗೋ ಯುಗಾದಿಗೋ ಊರ ಪತ್ರಿಕೆಗೆ ಜಾಹೀರಾತು ಕೊಟ್ಟರೆ ಅದು ಅಚ್ಚಾದುದನ್ನು ಕಣ್ಣಾರೆ ನೋಡುತ್ತಿದ್ದ, ಹಣವೂ ಊರಿನಲ್ಲೇ ಸುತ್ತುತ್ತಿತ್ತು. ಈಗ ಕಟ್ಟಿದ ಹಣಕ್ಕೆ ಯಾರು ನೋಡಿದರು ಎಂಬುದಕ್ಕೆ ಕಂಪನಿ ಕೊಟ್ಟ ಲೆಕ್ಕವೇ ಲೆಕ್ಕ. ತಕ್ಕಡಿಯೂ ಅವರದೇ, ಕಲ್ಲೂ ಅವರದೇ!

ಸರ್ಕಾರ ಯಾರ ಪರ ನಿಂತಿತು ನೋಡಿ. ವಿದೇಶಿ ಕಂಪನಿಗಳಿಗೆ ಹೋಗುವ ಜಾಲತಾಣ ಜಾಹೀರಾತಿನ ಹಣದ ಮೇಲೆ ಕೇಂದ್ರ ಸರ್ಕಾರ 2016ರಲ್ಲಿ ನೂರಕ್ಕೆ 6ರಂತೆ ಸುಂಕ ಹಾಕಿತ್ತು. ಅಮೆರಿಕ ತನ್ನ ಸುಂಕದ ಬೆದರಿಕೆ ಹಾಕುತ್ತಿದ್ದ ದಿನಗಳಲ್ಲಿ, 2025ರ ಏಪ್ರಿಲ್ 1ರಿಂದ ಅದನ್ನು ಕೈಬಿಟ್ಟಿತು. ಬೀದಿಬದಿಯ ವ್ಯಾಪಾರಿಯ ಸುಂಕಕ್ಕೆ ಇಷ್ಟು ಬೇಗ ಮಾಫಿ ಸಿಕ್ಕಿದ್ದುಂಟೆ?

‘ಎಲ್ಲವೂ ಪುಕ್ಕಟೆ ಸಿಗುವಾಗ ದೂರೇಕೆ?’ ಎಂದು ಕೇಳುವವರಿದ್ದಾರೆ. ಪುಕ್ಕಟೆ ಎಂಬುದು ಸುಳ್ಳು. ನಮ್ಮ ಹೊತ್ತು, ನಮ್ಮ ಗುಟ್ಟು, ನಮ್ಮ ಊರಿನ ಜಾಹೀರಾತಿನ ಹಣ ಇವೇ ಅದರ ಬೆಲೆ. ‘ಯಂತ್ರವನ್ನೇ ವಿರೋಧಿಸುತ್ತೀರಾ?’ ಎಂದೂ ಕೇಳಬಹುದು. ಇಲ್ಲ. ಸಣ್ಣ ಪತ್ರಿಕೆಯೊಂದು ತನ್ನ ಹಳೆಯ ಸಂಚಿಕೆಗಳನ್ನು ಕಡಿಮೆ ಖರ್ಚಿನಲ್ಲಿ ಕಾಪಾಡಲು, ದೂರದ ಕೂಲಿಕಾರನಿಗೆ ಊರಿನ ಸುದ್ದಿ ಮುಟ್ಟಿಸಲು ಇದೇ ಯಂತ್ರ ನೆರವಾಗಬಲ್ಲುದು. ನಮ್ಮ ಜಗಳ ಒಡೆತನದ ಜೊತೆ, ಗುಟ್ಟಿನ ಜೊತೆ.

ಬೇರೆ ದೇಶಗಳು ಸುಮ್ಮನೆ ಕುಳಿತಿಲ್ಲ. ಸುದ್ದಿಗೆ ಬೆಲೆ ಕೊಡಬೇಕೆಂದು ಆಸ್ಟ್ರೇಲಿಯ 2021ರಲ್ಲಿ ಕಾಯಿದೆ ತಂದಿತು. ಕೆನಡಾ 2023ರಲ್ಲಿ ತಂದಾಗ, ಫೇಸ್‌ಬುಕ್ಕಿನ ಒಡೆಯರು ಅಲ್ಲಿ ಸುದ್ದಿ ತೋರಿಸುವುದನ್ನೇ ನಿಲ್ಲಿಸಿ ಬೀಗಮುದ್ರೆ ಮಾಡಿದ ಗಿರಣಿ ಯಜಮಾನನಂತೆ ವರ್ತಿಸಿದರು. ಗೂಗಲ್ ಮಾತ್ರ ವರ್ಷಕ್ಕೆ 10 ಕೋಟಿ ಕೆನಡಾ ಡಾಲರು ಕೊಡಲು ಒಪ್ಪಿತು. 2025ರ ಏಪ್ರಿಲಿನಲ್ಲಿ ಅಮೆರಿಕದ ನ್ಯಾಯಾಲಯವೇ, ಜಾಹೀರಾತು ಹರಾಜಿನ ಯಂತ್ರಗಳಲ್ಲಿ ಗೂಗಲ್ ಕಾನೂನುಬಾಹಿರ ಏಕಸ್ವಾಮ್ಯ ನಡೆಸಿದೆಯೆಂದು ತೀರ್ಪಿತ್ತಿತು. ನಮ್ಮಲ್ಲೂ ಸುದ್ದಿ ಪ್ರಕಾಶಕರ ದೂರಿನ ಮೇಲೆ ಸ್ಪರ್ಧಾ ಆಯೋಗ 2022ರ ಜನವರಿಯಲ್ಲಿ ಗೂಗಲ್ ವಿರುದ್ಧ ತನಿಖೆಗೆ ಆಜ್ಞೆ ಮಾಡಿತು.

ನಮ್ಮ ನಾಡಿನಲ್ಲೇ ದಾರಿ ತೋರುವ ಎರಡು ಕಾಯಿದೆಗಳಿವೆ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ, ಅರಿಶಿನ ತಂದ ರೈತನ ಮುಂದೆ ತೂಕವೂ ಹರಾಜೂ ಬಹಿರಂಗವಾಗಿರಬೇಕೆಂಬ ತತ್ವವನ್ನು ಒಪ್ಪಿತು. ಆಚರಣೆಯಲ್ಲಿ ಕೊರತೆಯಿದ್ದರೂ ತತ್ವ ಸರಿಯಾದುದು. 2025ರಲ್ಲಿ ಕರ್ನಾಟಕ ತಂದ ಗಿಗ್ ಕೆಲಸಗಾರರ ಕಾಯಿದೆ, ಊಟ ಹೊತ್ತು ತರುವ ಹುಡುಗನ ಪಾಲಿಗೆ ಯಂತ್ರ ಹೇಗೆ ತೀರ್ಮಾನ ಮಾಡುತ್ತದೆಂಬುದನ್ನು ಅವನಿಗೆ ತಿಳಿಸಬೇಕೆನ್ನುತ್ತದೆ. ಅರಿಶಿನಕ್ಕೆ ಬೇಕಾದ ನ್ಯಾಯ ಸುದ್ದಿಗೆ ಬೇಡವೆ? ಸವಾರಿ ಹುಡುಗನಿಗೆ ಸಿಕ್ಕ ಹಕ್ಕು ಓದುಗನಿಗೂ ಅಂಗಡಿಕಾರನಿಗೂ ಸಿಗಬಾರದೆ?

ಆದುದರಿಂದ ನಮ್ಮ ಬೇಡಿಕೆಗಳು ಇವು. ಒಂದನೆಯದು, ಯಾವ ಸುದ್ದಿ ಏಕೆ ಮೇಲೆ ಬಂತು ಎಂಬ ಸೂತ್ರವನ್ನು ಕಂಪನಿಗಳು ಕನ್ನಡದಲ್ಲಿ ಪ್ರಕಟಿಸಬೇಕು. ಎರಡನೆಯದು, ಜಾಹೀರಾತು ಕೊಟ್ಟ ವ್ಯಾಪಾರಿಗೆ ಹೊರಗಿನ ಲೆಕ್ಕಪರಿಶೋಧಕರು ಪರೀಕ್ಷಿಸಿದ ಲೆಕ್ಕ ಸಿಗಬೇಕು. ಮೂರನೆಯದು, ವಿದೇಶಿ ಕಂಪನಿಗಳ ಮೇಲಿನ ಸುಂಕವನ್ನು ಮತ್ತೆ ಹಾಕಿ, ಅದರಲ್ಲಿ ಒಂದು ಪಾಲನ್ನು ಜಿಲ್ಲಾ ಪತ್ರಿಕೆಗಳ ವರದಿಗಾರರ ಸಂಬಳಕ್ಕೆ ಮೀಸಲಿಡಬೇಕು. ಆ ಹಣ ಹಂಚುವ ಅಧಿಕಾರ ಮಂತ್ರಿಗಳ ಕೈಯಲ್ಲಿರಕೂಡದು. ನಾಲ್ಕನೆಯದು, ಸಣ್ಣ ಪತ್ರಿಕೆಗಳು ಸಹಕಾರ ಸಂಘ ಕಟ್ಟಿಕೊಂಡು ತಮ್ಮದೇ ಯಂತ್ರ ಇಡಲು ಸರ್ಕಾರ ಸಾಲ ಕೊಡಬೇಕು.

ಇವೆಲ್ಲ ಆಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಕೆಲಸಗಾರರ ಸಂಘಗಳು ಊರಿನ ಒಂದು ಪತ್ರಿಕೆಗಾದರೂ ಚಂದಾ ಕಟ್ಟಲಿ. ವರ್ತಕರ ಸಂಘಗಳು ಜಾಹೀರಾತಿನ ಹಣದಲ್ಲಿ ಒಂದು ಪಾಲನ್ನು ಜಿಲ್ಲೆಯಲ್ಲೇ ಉಳಿಸಲಿ. ನಮ್ಮ ಗಿರಣಿಯ ಬಾಗಿಲಲ್ಲಿ ಧರಣಿ ಕುಳಿತ ದಿನ, ನಮ್ಮ ಪೇಟೆಗೆ ಕಷ್ಟ ಬಂದ ದಿನ, ಆ ಸುದ್ದಿಗೆ ಎಷ್ಟು ಕಣ್ಣು ಬೀಳುತ್ತದೆಂದು ಲೆಕ್ಕ ಹಾಕದೆ ಬರೆಯುವ ಒಬ್ಬನಾದರೂ ಊರಿನಲ್ಲಿರಬೇಕು. ಅವನನ್ನು ಉಳಿಸಿಕೊಳ್ಳುವ ಹೊಣೆ ನಮ್ಮದು.